ಮೂಗು ಮುಟ್ಟಿದರೆ ಇಲ್ಲಿ ಹೆಣ್ಣು, ಜಪಾನಿನಲ್ಲಿ ನಾನು

ಹೋದ ವರ್ಷ ದಾವಣಗೆರೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಜಾಗ ಸಿಕ್ಕಿತು. ವಾಲಗದವರು ಬಾಗಿಲ ಬಳಿಯೇ ಊದುತ್ತಿದ್ದರು. ಸಾಲದ್ದಕ್ಕೆ ಸ್ಪೀಕರ್ ಬೇರೆ. ಪಕ್ಕದವರು ಏನು ಹೇಳಿದರೂ 'ಆಂ? ಆಂ?' ಅನ್ನುವ ಪರಿಸ್ಥಿತಿ. ಆ ಗದ್ದಲದಲ್ಲಿ ಆರಾಮಾಗಿ ಹರಟೆ ಹೊಡೆಯುತ್ತಿದ್ದವರು ಇಬ್ಬರೇ. ಒಬ್ಬ ನಮ್ಮ ಸಾಲಿನ ಈ ತುದಿಯಲ್ಲಿ, ಇನ್ನೊಬ್ಬ ಎದುರು ಸಾಲಿನ ಆ ತುದಿಯಲ್ಲಿ. ಇಬ್ಬರಿಗೂ ಕಿವಿ ಕೇಳುವುದಿಲ್ಲ. ಬಲಗೈ ಅನ್ನ ಕಲಸುತ್ತಿತ್ತು, ಎಡಗೈ ಮಾತಾಡುತ್ತಿತ್ತು.

ನನ್ನ ಪಕ್ಕ ಕೂತಿದ್ದ ಹಿರಿಯರು ಅವರನ್ನೇ ನೋಡುತ್ತಾ ಹೇಳಿದರು: "ಇವ್ರದೇ ಸುಖ ನೋಡ್ರಿ. ನಮಗೆ ಸೊಲ್ಲಾಪುರ ದಾಟಿದ್ರೆ ಮಾತು ತಿಳಿಯಂಗಿಲ್ಲ. ಇವ್ರು ಅಮೆರಿಕಕ್ಕೆ ಹೋದ್ರೂ ಇದೇ ನಡೀತತಿ."

ಇದು ಅವರೊಬ್ಬರ ಅಭಿಪ್ರಾಯ ಅಲ್ಲ. ನಾನು ಕೇಳಿದ ಹತ್ತು ಜನರಲ್ಲಿ ಎಂಟು ಜನ ಹಾಗೇ ಅಂದುಕೊಂಡಿದ್ದಾರೆ. ಸನ್ನೆ ಅಂದ ಮೇಲೆ ಸನ್ನೆ, ಅದರಲ್ಲಿ ಕನ್ನಡದ ಸನ್ನೆ, ಇಂಗ್ಲಿಷಿನ ಸನ್ನೆ ಅಂತ ಎಲ್ಲಿರುತ್ತದೆ ಅಂತ. ಮಾತು ತಪ್ಪು. ಆದರೆ ಪೂರ್ತಿ ತಪ್ಪಲ್ಲ, ಆ ಹಿರಿಯರು ಕಂಡಿದ್ದರಲ್ಲಿ ನಿಜವಾದದ್ದೂ ಒಂದಿದೆ. ಮೊದಲು ತಪ್ಪನ್ನು ನೋಡೋಣ.

ಅದೇ ಪಂಕ್ತಿಯಲ್ಲೇ ಶುರು ಮಾಡಬಹುದು. ಬಡಿಸುವವರು ಪಾಯಸದ ಬಕೆಟ್ ಹಿಡಿದು ಬಂದಾಗ ನಾವು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, 'ಸಾಕು' ಅಂತ? ನಮಗದು ಎಷ್ಟು ಸಹಜ ಅಂದರೆ, ಯಾರಾದರೂ ಹೇಳಿಕೊಟ್ಟಿದ್ದು ಅನ್ನಿಸುವುದೇ ಇಲ್ಲ. ಬಾಳೆಲೆ ಊಟವನ್ನೇ ನೋಡದವನಿಗೆ ಅದು ಏನೋ ಆಶೀರ್ವಾದ ಮಾಡಿದ ಹಾಗೆ ಕಾಣಬಹುದು. ಅರ್ಥ ಗೊತ್ತಿದ್ದವರಿಗೆ ಮಾತ್ರ ಸನ್ನೆ ಸಹಜ.

ಕೈಯಲ್ಲಿ ತೋರಿಸಲು ತುಂಬಾ ಸುಲಭ ಅನ್ನಿಸುವ ಒಂದು ಪದ ತೆಗೆದುಕೊಳ್ಳಿ. 'ಮರ'. ಅಮೆರಿಕದ ಕಿವುಡರು ಒಂದು ಮುಂಗೈಯನ್ನು ಕಂಬದ ಹಾಗೆ ನೆಟ್ಟಗೆ ನಿಲ್ಲಿಸಿ, ಮೇಲೆ ಐದೂ ಬೆರಳು ಅಗಲಿಸಿ ಕೈ ತಿರುಗಿಸುತ್ತಾರೆ. ಮುಂಗೈ ಕಾಂಡ, ಬೆರಳು ಕೊಂಬೆ. ಡೆನ್ಮಾರ್ಕಿನವರು ಎರಡೂ ಕೈಯಿಂದ ಗಾಳಿಯಲ್ಲಿ ಮರದ ಆಕಾರ ಬರೆಯುತ್ತಾರೆ: ಮೇಲೆ ದುಂಡನೆಯ ತಲೆ, ಕೆಳಗೆ ಕಾಂಡ. ಚೀನಾದವರು ಎರಡು ಕೈಗಳಲ್ಲಿ ಕಾಂಡವನ್ನು ತಬ್ಬಿ ಹಿಡಿದ ಹಾಗೆ ಮಾಡಿ ಮೇಲಕ್ಕೆ ಎಳೆಯುತ್ತಾರೆ. ಮೂರೂ ಮರದ ಹಾಗೇ ಇವೆ. ಆದರೂ ಒಂದರ ಹಾಗೆ ಇನ್ನೊಂದಿಲ್ಲ. ಚಿತ್ರ ಬರೆಯಲು ಹತ್ತು ದಾರಿ ಇದ್ದಾಗ ಒಂದೊಂದು ಊರು ಒಂದೊಂದು ದಾರಿ ಹಿಡಿದಿದೆ ಅಷ್ಟೆ.

1970ರ ದಶಕದಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಸನ್ನೆ ಭಾಷೆ ಬಾರದವರಿಗೆ ಅಮೆರಿಕನ್ ಸನ್ನೆಗಳನ್ನು ತೋರಿಸಿ ಅರ್ಥ ಊಹಿಸಿ ಅಂದರು. ಬಹುಪಾಲು ಸನ್ನೆಗಳ ಅರ್ಥ ಯಾರೊಬ್ಬರಿಗೂ ಹೊಳೆಯಲಿಲ್ಲ. ಆದರೆ ಅರ್ಥ ಹೇಳಿದ ಮೇಲೆ, 'ಓ, ಹೌದಲ್ಲ, ಅದಕ್ಕೇ ಹೀಗೆ ಮಾಡ್ತಾರೆ' ಅನ್ನುವುದು ಸುಲಭ. ಒಗಟಿನ ಉತ್ತರ ಗೊತ್ತಾದ ಮೇಲೆ ಒಗಟು ಸುಲಭ ಅನ್ನಿಸುವುದಿಲ್ಲವೇ, ಹಾಗೆ. ನಮ್ಮ ತಪ್ಪು ತಿಳುವಳಿಕೆಯ ಬೇರು ಇರುವುದೇ ಇಲ್ಲಿ.

ನಮ್ಮದೇ ಉದಾಹರಣೆ ಕೊಡುತ್ತೇನೆ. ಭಾರತೀಯ ಸನ್ನೆ ಭಾಷೆಯಲ್ಲಿ 'ಹೆಣ್ಣು' ಅನ್ನಲು ತೋರುಬೆರಳಿನಿಂದ ಮೂಗಿನ ಹೊಳ್ಳೆಯ ಪಕ್ಕ ಮುಟ್ಟಬೇಕು. ಮೂಗುತಿ ಇರುವ ಜಾಗ. 'ಗಂಡು' ಅನ್ನಲು ಮೀಸೆ ತಿರುವಬೇಕು. ನಮಗೆ ವಿವರಣೆಯೇ ಬೇಡ, ಅಲ್ವಾ? ಮೂಗು ಚುಚ್ಚಿಸುವ ರೂಢಿಯೇ ಇಲ್ಲದ ಊರಿನವರಿಗೆ ಮೂಗಿಗೂ ಹೆಣ್ಣಿಗೂ ಎಲ್ಲಿಯ ನಂಟು? ಜಪಾನಿನಲ್ಲಂತೂ ಜನ ತಮ್ಮ ಮೂಗಿನತ್ತ ಬೆರಳು ತೋರಿಸಿದರೆ 'ನಾನು' ಅಂತ ಅರ್ಥ. ನಾವು ಎದೆ ಮುಟ್ಟಿಕೊಳ್ಳುವ ಹಾಗೆ ಅವರು ಮೂಗು ತೋರಿಸುತ್ತಾರೆ. ಜಪಾನಿನ ಕಿವುಡರ ಭಾಷೆಯಲ್ಲಿ ಗಂಡಿಗೆ ಹೆಬ್ಬೆರಳು, ಹೆಣ್ಣಿಗೆ ಕಿರುಬೆರಳು. ಅಣ್ಣ ಅನ್ನಲು ನಡುಬೆರಳು ಎತ್ತುತ್ತಾರೆ. ಅಮೆರಿಕದಲ್ಲಿ ಯಾರ ಮುಂದಾದರೂ ಹಾಗೆ ಎತ್ತಿದರೆ ಏನಾಗುತ್ತದೆ ಅಂತ ಬರೆಯಬೇಕಿಲ್ಲ.

ಕೈ ಮಾತ್ರ ಅಲ್ಲ, ತಲೆಯೂ ಮೋಸ ಮಾಡುತ್ತದೆ. 'ಇಲ್ಲ' ಅನ್ನಲು ತಲೆಯನ್ನು ಅತ್ತಿತ್ತ ಆಡಿಸುವುದು ಪ್ರಪಂಚಕ್ಕೆಲ್ಲ ಒಂದೇ ಅಂದುಕೊಂಡಿದ್ದೇವೆ. ಗ್ರೀಸ್ ಮತ್ತು ಟರ್ಕಿಯ ಸನ್ನೆ ಭಾಷೆಗಳಲ್ಲಿ ತಲೆಯನ್ನು ಹಿಂದಕ್ಕೆ ಎತ್ತಿದರೂ 'ಇಲ್ಲ'. ನಮ್ಮ ಕಡೆ ಹಾಗೆ ತಲೆ ಎತ್ತಿದರೆ 'ಏನು ಸಮಾಚಾರ?' ಅಂತ ಕೇಳಿದ ಹಾಗೆ.

ಪ್ರಪಂಚದಲ್ಲಿ 300ಕ್ಕೂ ಹೆಚ್ಚು ಸನ್ನೆ ಭಾಷೆಗಳಿವೆ ಎಂದು ವಿಶ್ವಸಂಸ್ಥೆ ಹೇಳುತ್ತದೆ. ಇಷ್ಟೊಂದು ಯಾಕೆ? ಮಾತಾಡುವ ಭಾಷೆಗೊಂದರಂತೆ ಸನ್ನೆ ಭಾಷೆ ಹುಟ್ಟಿಕೊಂಡಿತೇ? ಅದೂ ಅಲ್ಲ. ಇಲ್ಲಿ ಒಂದು ಒಳ್ಳೆಯ ಕತೆಯಿದೆ.

ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಇಂಗ್ಲಿಷ್. ಆದರೆ ಲಂಡನ್ನಿನ ಕಿವುಡ ನ್ಯೂಯಾರ್ಕಿಗೆ ಹೋದರೆ ಅಲ್ಲಿನ ಕಿವುಡರ ಮಾತು ಅವನಿಗೆ ಅರ್ಥವಾಗುವುದಿಲ್ಲ. ಅದೇ ಪ್ಯಾರಿಸ್ಸಿನವನಿಗೆ ಅಲ್ಲಿ ಎಷ್ಟೋ ಸನ್ನೆಗಳು ಪರಿಚಿತ ಅನ್ನಿಸುತ್ತವೆ. ಕಾರಣ ಇನ್ನೂರು ವರ್ಷ ಹಿಂದಿನದು. ಥಾಮಸ್ ಗ್ಯಾಲೋಡೆಟ್ ಎಂಬ ಅಮೆರಿಕದ ಪಾದ್ರಿ ಕಿವುಡ ಮಕ್ಕಳಿಗೆ ಪಾಠ ಹೇಳುವ ವಿಧಾನ ಕಲಿಯಲು ಹಡಗು ಹತ್ತಿ ಬ್ರಿಟನ್ನಿಗೆ ಬಂದ. ಅಲ್ಲಿ ಬ್ರೇಡ್‌ವುಡ್ ಎಂಬ ಕುಟುಂಬ ಇಂಥ ಶಾಲೆಗಳನ್ನು ನಡೆಸುತ್ತಿತ್ತು. ಅವರಿಗೆ ಅದು ಮನೆತನದ ವ್ಯಾಪಾರದ ಗುಟ್ಟು. ಸುಲಭಕ್ಕೆ ಬಿಟ್ಟುಕೊಡಲಿಲ್ಲ, ಷರತ್ತು ಹಾಕಿದರು. ಗ್ಯಾಲೋಡೆಟ್‌ಗೆ ಅದು ಸರಿಹೋಗಲಿಲ್ಲ. ಅಷ್ಟರಲ್ಲಿ ಪ್ಯಾರಿಸ್ಸಿನ ಕಿವುಡರ ಶಾಲೆಯವರು ಲಂಡನ್ನಿಗೆ ಬಂದು ಪ್ರದರ್ಶನ ಕೊಡುತ್ತಿದ್ದರು. ಅವರ ಪರಿಚಯವಾಯಿತು. ಆತ ಅವರ ಜಾಡು ಹಿಡಿದು ಪ್ಯಾರಿಸ್ಸಿಗೆ ಹೋದ.

ಪ್ಯಾರಿಸ್ಸಿನಲ್ಲಿ ಪರಿಸ್ಥಿತಿಯೇ ಬೇರೆ. ಅಬ್ಬೆ ದ ಲೆಪೆ ಎಂಬ ಪಾದ್ರಿ 1760ರ ಸುಮಾರಿಗೇ ಅಲ್ಲಿ ಕಿವುಡರ ಶಾಲೆ ತೆರೆದಿದ್ದ. ಮಕ್ಕಳು ತಾವೇ ಆಡುತ್ತಿದ್ದ ಸನ್ನೆಗಳನ್ನು ಬಳಸಿಕೊಂಡೇ ಪಾಠ ಹೇಳುತ್ತಿದ್ದ. ಬಂದು ನೋಡಿ, ಕಲಿಯಿರಿ ಅನ್ನುತ್ತಿದ್ದ. ಗ್ಯಾಲೋಡೆಟ್ ಬರುವ ಹೊತ್ತಿಗೆ ಲೆಪೆ ತೀರಿಹೋಗಿದ್ದ, ಆದರೆ ಶಾಲೆಯ ಗುಣ ಹಾಗೇ ಇತ್ತು. ಅಲ್ಲಿ ಲೊರಾಂ ಕ್ಲೆರ್ ಎಂಬ ಮೇಷ್ಟ್ರಿದ್ದ. ತಾನೂ ಕಿವುಡ, ಅದೇ ಶಾಲೆಯಲ್ಲಿ ಕಲಿತವನು. ಗ್ಯಾಲೋಡೆಟ್ ಅವನನ್ನೇ ಒಪ್ಪಿಸಿ 1816ರಲ್ಲಿ ಅಮೆರಿಕಕ್ಕೆ ಕರೆದುಕೊಂಡು ಹೊರಟ. ಹಡಗಿನಲ್ಲಿ ಏಳು ವಾರಕ್ಕೂ ಜಾಸ್ತಿ ಪ್ರಯಾಣ. ಅಷ್ಟೂ ದಿನ ಇವನು ಅವನಿಗೆ ಇಂಗ್ಲಿಷ್ ಹೇಳಿಕೊಟ್ಟ, ಅವನು ಇವನಿಗೆ ಸನ್ನೆ ಹೇಳಿಕೊಟ್ಟ. 1817ರಲ್ಲಿ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಶಾಲೆ ಶುರುವಾಯಿತು.

ಅಲ್ಲಿಗೆ ಬಂದ ಮಕ್ಕಳು ಬರಿಗೈಯಲ್ಲಿ ಬರಲಿಲ್ಲ. ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ತಲೆತಲಾಂತರದಿಂದ ಕಿವುಡರು ಜಾಸ್ತಿ ಹುಟ್ಟುತ್ತಿದ್ದರು. ಅಲ್ಲಿ ಕೇಳುವವರೂ ಸನ್ನೆ ಆಡುತ್ತಿದ್ದರು. ಆ ದ್ವೀಪದ ಮಕ್ಕಳು ತಮ್ಮ ಸನ್ನೆ ತಂದರು. ಬೇರೆ ಊರಿನವರು ತಮ್ಮ ಮನೆಯ ಸನ್ನೆ ತಂದರು. ಕ್ಲೆರ್‌ನ ಫ್ರೆಂಚ್ ಸನ್ನೆ ಇವೆಲ್ಲದರ ಜೊತೆ ಬೆರೆತು ಅಮೆರಿಕನ್ ಸನ್ನೆ ಭಾಷೆ ಆಯಿತು. ಇವತ್ತಿಗೂ ಅದರ ಶೇ. 60ರ ಆಸುಪಾಸಿನ ಪದಗಳಿಗೆ ಫ್ರೆಂಚ್ ಸನ್ನೆಗಳ ಜೊತೆ ನಂಟು ಕಾಣುತ್ತದೆ. ಬ್ರೇಡ್‌ವುಡ್‌ನವರು ಅವತ್ತು ಗುಟ್ಟು ಬಿಟ್ಟುಕೊಟ್ಟಿದ್ದರೆ ಅಮೆರಿಕದವರು ಇವತ್ತು ಬ್ರಿಟಿಷ್ ಸನ್ನೆ ಆಡುತ್ತಿದ್ದರೋ ಏನೋ. ಒಂದು ಮನೆತನದ ಜಿಪುಣತನ ಒಂದು ಖಂಡದ ಭಾಷೆಯನ್ನೇ ತಿರುಗಿಸಿಬಿಟ್ಟಿತು ಅಂತ ನನಗನ್ನಿಸುತ್ತದೆ.

ಈ ವ್ಯತ್ಯಾಸವನ್ನು ನಿಮ್ಮ ಕೈಯಲ್ಲೇ ನೋಡಬಹುದು. ಫೋನ್ ಕೆಳಗಿಡಿ. ಎಡಗೈ ಬೆರಳು ಬಿಡಿಸಿ. ಬಲಗೈ ತೋರುಬೆರಳಿನಿಂದ ಎಡಗೈ ಹೆಬ್ಬೆರಳಿನ ತುದಿ ಮುಟ್ಟಿ. ಇದು ಬ್ರಿಟಿಷ್ ಪದ್ಧತಿಯಲ್ಲಿ ಇಂಗ್ಲಿಷಿನ 'ಎ' ಅಕ್ಷರ. ತೋರುಬೆರಳ ತುದಿ ಮುಟ್ಟಿದರೆ 'ಇ', ನಡುಬೆರಳಿಗೆ 'ಐ', ಉಂಗುರಬೆರಳಿಗೆ 'ಓ', ಕಿರುಬೆರಳಿಗೆ 'ಯು'. ಐದು ಬೆರಳಿಗೆ ಐದು ಸ್ವರ, ಎಷ್ಟು ಅಚ್ಚುಕಟ್ಟು! ಈಗ ಎಡಗೈ ಇಳಿಸಿಬಿಡಿ. ಬಲಗೈ ಮುಷ್ಟಿ ಕಟ್ಟಿ, ಹೆಬ್ಬೆರಳನ್ನು ಪಕ್ಕಕ್ಕೆ ಆನಿಸಿ. ಇದು ಅಮೆರಿಕದ 'ಎ'. ಅಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಕೈ ಸಾಕು. ಭಾಷೆ ಒಂದೇ ಇಂಗ್ಲಿಷ್, ಅಕ್ಷರವೂ ಅದೇ, ಕೈ ಮಾತ್ರ ಬೇರೆ. ಬ್ರಿಟಿಷರು ಆಳಿದ್ದರಿಂದಲೋ ಏನೋ, ನಮ್ಮಲ್ಲಿ ಹೆಸರು ಬಿಡಿಸಿ ಹೇಳಲು ಬಳಕೆಯಲ್ಲಿರುವ ಅಕ್ಷರಗಳೂ ಎರಡು ಕೈಯವೇ, ಬ್ರಿಟಿಷ್ ಪದ್ಧತಿಗೆ ಹತ್ತಿರ.

ಹೀಗೆ ನೋಡುತ್ತಾ ಹೋದರೆ ಸನ್ನೆ ಭಾಷೆಗಳಿಗೂ ಮನೆತನಗಳಿವೆ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಒಂದು ಮನೆತನ. ಐರ್ಲೆಂಡ್ ಪಕ್ಕದಲ್ಲೇ ಇದ್ದರೂ ಅಲ್ಲಿನ ಸನ್ನೆಗೆ ಫ್ರಾನ್ಸಿನ ನಂಟು. ಜಪಾನ್, ಕೊರಿಯಾ, ತೈವಾನ್ ಇನ್ನೊಂದು ಮನೆತನ. ಕೊರಿಯಾ ಮತ್ತು ತೈವಾನನ್ನು ಜಪಾನ್ ಆಳುತ್ತಿದ್ದ ಕಾಲದಲ್ಲಿ ಅಲ್ಲಿ ಶಾಲೆ ತೆರೆದಿದ್ದು ಜಪಾನಿನವರು. ದೇಶದ ಗಡಿ ಯಾವುದು, ಮನೆಯಲ್ಲಿ ಆಡುವ ಮಾತು ಯಾವುದು ಅನ್ನುವುದಕ್ಕಿಂತ, ಯಾವ ಶಾಲೆಗೆ ಯಾವ ಮೇಷ್ಟ್ರು ಎಲ್ಲಿಂದ ಬಂದರು ಅನ್ನುವುದೇ ದೊಡ್ಡ ವಿಷಯ.

ಶಾಲೆಗೆ ಇಷ್ಟು ಮಹತ್ವ ಯಾಕೆ ಬಂತು? ನಮಗೆ ಕನ್ನಡ ಬಂದಿದ್ದು ಅಮ್ಮನಿಂದ. ಕಿವುಡ ಮಕ್ಕಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ಅಪ್ಪ ಅಮ್ಮನಿಗೆ. ಆ ಮನೆಯಲ್ಲಿ ಸನ್ನೆ ಭಾಷೆ ಯಾರಿಗೂ ಬರುವುದಿಲ್ಲ. ಊಟ, ನಿದ್ದೆ, ಬಾ, ಹೋಗು ಅನ್ನುವಷ್ಟಕ್ಕೆ ಏನೋ ಮನೆಸನ್ನೆ ಮಾಡಿಕೊಂಡಿರುತ್ತಾರೆ. ಪೂರ್ತಿ ಭಾಷೆ ಸಿಗುವುದು ಶಾಲೆಗೆ ಸೇರಿದ ಮೇಲೆ, ಹಾಸ್ಟೆಲಿನಲ್ಲಿ, ದೊಡ್ಡ ಹುಡುಗರಿಂದ ಚಿಕ್ಕವರಿಗೆ. ಅದು ತಾಯ್ನುಡಿ ಅನ್ನುವುದಕ್ಕಿಂತ ಹಾಸ್ಟೆಲ್ ನುಡಿ.

ಮೇಷ್ಟ್ರು ಕಲಿಸಿದ್ದಕ್ಕಿಂತ ಮೇಷ್ಟ್ರ ಬೆನ್ನ ಹಿಂದೆ ಕಲಿತದ್ದೇ ಜಾಸ್ತಿ ಅಂತಲೂ ಹೇಳಬೇಕು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಸಮ್ಮೇಳನ ನಡೆಯಿತು. ಸೇರಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಸನ್ನೆ ಬೇಡ, ತುಟಿ ನೋಡಿ ಮಾತು ಕಲಿಸಿ ಎಂದು ತೀರ್ಮಾನ ಮಾಡಿದರು. ನೂರು ವರ್ಷ ಎಷ್ಟೋ ದೇಶಗಳಲ್ಲಿ ತರಗತಿಯಲ್ಲಿ ಸನ್ನೆ ಮಾಡಿದರೆ ಶಿಕ್ಷೆ. ಅದೇ ಸಮ್ಮೇಳನದ ಪರಂಪರೆಯವರು ಆ ತೀರ್ಮಾನಕ್ಕೆ ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ಈ ನಡುವೆ ಭಾಷೆ ಉಳಿದುಕೊಂಡಿದ್ದು ಆಟದ ಬಯಲಲ್ಲಿ, ಹಾಸ್ಟೆಲ್ ಕೋಣೆಯಲ್ಲಿ. ಸನ್ನೆ ಭಾಷೆಗೂ ವ್ಯಾಕರಣ ಇದೆ, ಅದು ಸುಮ್ನೆ ಕೈ ಆಡಿಸುವುದಲ್ಲ ಎಂದು ವಿಲಿಯಂ ಸ್ಟೋಕಿ ಎಂಬ ಅಮೆರಿಕದ ಮೇಷ್ಟ್ರು ಬರೆದು ತೋರಿಸಿದ್ದೂ 1960ರಲ್ಲಿ. ಅಲ್ಲಿಯವರೆಗೆ ವಿದ್ವಾಂಸರೂ ನಂಬಿರಲಿಲ್ಲ.

ಶಾಲೆ ಸಿಕ್ಕರೆ ಭಾಷೆ ಹುಟ್ಟುತ್ತದೆ ಅನ್ನುವುದಕ್ಕೆ ನಿಕರಾಗುವಾ ದೇಶದಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. 1970ರ ದಶಕದ ಕೊನೆಯಲ್ಲಿ ಅಲ್ಲಿನ ರಾಜಧಾನಿ ಮನಾಗುವಾದಲ್ಲಿ ಮೊದಲ ಬಾರಿಗೆ ಕಿವುಡ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರಿದರು. ಮೇಷ್ಟ್ರುಗಳು ಸ್ಪ್ಯಾನಿಷ್ ಕಲಿಸಲು ಒದ್ದಾಡುತ್ತಿದ್ದರು. ಮಕ್ಕಳು ಬಸ್ಸಿನಲ್ಲಿ, ಆಟದಲ್ಲಿ ತಮ್ಮ ತಮ್ಮ ಮನೆಸನ್ನೆ ಸೇರಿಸಿ ಒಂದು ಭಾಷೆ ಕಟ್ಟಿಕೊಂಡೇಬಿಟ್ಟರು. ಮೊದಲು ಬಂದವರದು ತೊದಲು. ಅವರಿಂದ ಕಲಿತ ಚಿಕ್ಕವರು ಅದಕ್ಕೆ ವ್ಯಾಕರಣ ತಂದರು. ಯಾವ ದೇಶದಿಂದಲೂ ಎರವಲು ತಂದದ್ದಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಮದುವೆ ಮನೆಯ ಆ ಇಬ್ಬರಲ್ಲಿ ಒಬ್ಬ ನಮ್ಮವನೇ, ಇನ್ನೊಬ್ಬ ಹೆಣ್ಣಿನ ಕಡೆಯವನು, ನಾಗಪುರದವನು. ಇವನ ಮನೆಯವರಿಗೆ ಮರಾಠಿ ಬಾರದು, ಅವನ ಮನೆಯವರಿಗೆ ಕನ್ನಡ ಬಾರದು. ಬೀಗರ ನಡುವೆ ಹರಕು ಹಿಂದಿಯಲ್ಲಿ ಮಾತು ನಡೆದಿತ್ತು. ಇವರಿಬ್ಬರಿಗೆ ಆ ಕಷ್ಟವೇ ಇಲ್ಲ. ಹಾಗಾಗಿ ಹಿರಿಯರು ಸೊಲ್ಲಾಪುರದ ಬಗ್ಗೆ ಹೇಳಿದ್ದು ಸರಿ, ಅಮೆರಿಕದ ಬಗ್ಗೆ ಹೇಳಿದ್ದಷ್ಟೇ ತಪ್ಪು.

1977ರಲ್ಲಿ ಮದನ್ ವಸಿಷ್ಠ ಎಂಬ ಸನ್ನೆ ಭಾಷಾ ಸಂಶೋಧಕರು ಮತ್ತು ಅಮೆರಿಕದ ಅವರ ಜೊತೆಗಾರರು ದೆಹಲಿ, ಕಲ್ಕತ್ತಾ, ಬೊಂಬಾಯಿ, ಬೆಂಗಳೂರು ಈ ನಾಲ್ಕು ಊರುಗಳಲ್ಲಿ ಕಿವುಡರ ಸನ್ನೆಗಳನ್ನು ಕಲೆಹಾಕಿದರು. ಹೋಲಿಸಿ ನೋಡಿದರೆ ಸುಮಾರು ಮುಕ್ಕಾಲು ಪಾಲು ಸನ್ನೆಗಳು ಒಂದಕ್ಕೊಂದು ನಂಟಿನವು. ಉಳಿದ ಕಾಲು ಪಾಲಿನಲ್ಲಿ ಊರೂರಿನ ವ್ಯತ್ಯಾಸ. ನಮ್ಮ ಮಂಗಳೂರು ಕನ್ನಡ, ಧಾರವಾಡ ಕನ್ನಡ ಇದ್ದ ಹಾಗೆ. ಆಮೇಲೆ ಉಲ್ರಿಕೆ ಝೇಶಾನ್ ಎಂಬ ಜರ್ಮನಿಯ ಭಾಷಾ ವಿದ್ವಾಂಸೆ ಕರಾಚಿ ಮತ್ತು ದೆಹಲಿಯ ಸನ್ನೆಗಳನ್ನು ಅಭ್ಯಾಸ ಮಾಡಿದರು. ಪದಗಳಲ್ಲಿ ಒಂದಿಷ್ಟು ಬೇರೆ ಇವೆ, ವ್ಯಾಕರಣ ಮಾತ್ರ ಒಂದೇ ಅಂದರು. ಅವರು ಇಟ್ಟ ಹೆಸರೇ ಇಂಡೋ-ಪಾಕಿಸ್ತಾನಿ ಸನ್ನೆ ಭಾಷೆ. ಇಂಗ್ಲಿಷ್ ಒಂದೇ ಆದರೂ ಬ್ರಿಟನ್ ಮತ್ತು ಅಮೆರಿಕದ ಕೈ ಬೇರೆ. ಇಲ್ಲಿ ಗಡಿಯಲ್ಲಿ ಮುಳ್ಳುತಂತಿ ಇದೆ, ಕೈ ಮಾತ್ರ ಒಂದೇ.

ಇದು ಕೈಯಲ್ಲಿ ಆಡುವ ಕನ್ನಡವೋ ಹಿಂದಿಯೋ ಅಲ್ಲ ಅನ್ನುವುದು ಒಂದೇ ಪ್ರಶ್ನೆಯಿಂದ ಗೊತ್ತಾಗುತ್ತದೆ. 'ನೀನು ಎಲ್ಲಿಗೆ ಹೋಗ್ತೀಯಾ?' ಅಂತ ನಾವು ಕೇಳುತ್ತೇವೆ. ಅವರು 'ನೀನು, ಹೋಗು, ಎಲ್ಲಿ' ಅನ್ನುತ್ತಾರೆ. ಪ್ರಶ್ನೆಯ ಪದ ಯಾವಾಗಲೂ ಕೊನೆಗೆ. ಜೊತೆಗೆ ಮುಖವೂ ಪ್ರಶ್ನೆ ಕೇಳಬೇಕು. ಮುಖ ಸಪ್ಪೆ ಇಟ್ಟುಕೊಂಡು ಕೈ ಮಾತ್ರ ಆಡಿಸಿದರೆ, ರಾಗವೇ ಇಲ್ಲದೆ ಪದ ಹಾಡಿದ ಹಾಗೆ.

ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷೆಗಾಗಿಯೇ ಕೇಂದ್ರ ಸರ್ಕಾರದ ಒಂದು ಸಂಸ್ಥೆ ಶುರುವಾಯಿತು. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಹೊರಟು 2021ಕ್ಕೆ 10,000 ತಲುಪಿತು. ಒಳ್ಳೆಯದೇ. ಆದರೆ 'ಒಂದು ದೇಶ, ಒಂದು ಸನ್ನೆ' ಅನ್ನುವ ಉತ್ಸಾಹದಲ್ಲಿ ಚಿಕ್ಕ ಊರಿನ ಸನ್ನೆಗಳು ಕಳೆದುಹೋದರೆ ಅನ್ನುವ ಆತಂಕ ನನಗಿದೆ. ಅದಕ್ಕೆ ಕಾರಣ ಅಲೀಪುರ.

ಗೌರಿಬಿದನೂರು ತಾಲ್ಲೂಕಿನ ಅಲೀಪುರ, ಹೆಚ್ಚಿನವರು ಶಿಯಾ ಮುಸ್ಲಿಮರೇ ಇರುವ ದೊಡ್ಡ ಹಳ್ಳಿ. ಸಂಬಂಧದಲ್ಲೇ ಮದುವೆಗಳು ನಡೆಯುತ್ತಾ ಬಂದು, ಅಲ್ಲಿ ಕಿವುಡರ ಸಂಖ್ಯೆ ಬೇರೆ ಊರುಗಳಿಗಿಂತ ಬಹಳ ಜಾಸ್ತಿ. ಅಂಥ ಕಡೆ ಏನಾಗುತ್ತದೆ ಅಂದರೆ, ಭಾಷೆಗೆ ಶಾಲೆಗಾಗಿ ಕಾಯಬೇಕಿಲ್ಲ. ಮನೆಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಅದು ತಾನೇ ಬೆಳೆಯುತ್ತದೆ. ಕಿವಿ ಕೇಳುವವರಿಗೂ ಬರುತ್ತದೆ. ಅಲೀಪುರದ ಸನ್ನೆ ಭಾಷೆ ಭಾರತೀಯ ಸನ್ನೆ ಭಾಷೆಯ ಉಪಭಾಷೆಯಲ್ಲ, ಅದೇ ಬೇರೆ ಭಾಷೆ. ಸಿಬಾಜಿ ಪಾಂಡಾ ಎಂಬ ಸಂಶೋಧಕರು ಇದನ್ನು ಅಭ್ಯಾಸ ಮಾಡಿ ದಾಖಲಿಸಿದ್ದಾರೆ. ಬಾಲಿ ದ್ವೀಪದ ಬೆಂಗ್ಕಾಲ, ಘಾನಾದ ಅಡಮೊರೊಬೆ ಮುಂತಾದ ಹಳ್ಳಿಗಳ ಸನ್ನೆ ಭಾಷೆಗಳ ಸಾಲಿನಲ್ಲಿ ನಮ್ಮ ಅಲೀಪುರದ ಹೆಸರೂ ಇದೆ. ಬೆಂಗಳೂರಿನಿಂದ ಎರಡು ಮೂರು ಗಂಟೆಯ ದಾರಿ. ಎಷ್ಟು ಕನ್ನಡಿಗರಿಗೆ ಇದು ಗೊತ್ತು? ಅಲ್ಲಿನ ಮಕ್ಕಳು ಹೊರಗಿನ ಶಾಲೆಗಳಿಗೆ ಹೋಗಿ ಭಾರತೀಯ ಸನ್ನೆ ಕಲಿತು ಬರುತ್ತಾರೆ, ಊರಿನ ಸನ್ನೆಯ ಜೊತೆ ಅದನ್ನು ಬೆರೆಸುತ್ತಾರೆ. ಹಳೆಯದು ನಿಧಾನಕ್ಕೆ ಸರಿಯುತ್ತಿದೆ.

ಸರಿ, ಭಾಷೆ ಬೇರೆ ಬೇರೆ ಅಂತಾಯಿತು. ಹಿರಿಯರ ಮಾತಿನಲ್ಲಿ ಇದ್ದ ನಿಜ ಯಾವುದು?

ಕನ್ನಡ ಬಿಟ್ಟು ಏನೂ ಬಾರದ ಒಬ್ಬರನ್ನು, ಜಪಾನಿ ಬಿಟ್ಟು ಏನೂ ಬಾರದ ಒಬ್ಬರ ಜೊತೆ ಒಂದು ಸಂಜೆ ಕೂರಿಸಿ. ನಗು, ಟೀ, ಫೋಟೋ, ಅಲ್ಲಿಗೆ ಮುಗಿಯಿತು. ಅದೇ ಇಬ್ಬರು ಕಿವುಡರನ್ನು ಕೂರಿಸಿದರೆ ಮನೆ, ಮಕ್ಕಳು, ಕೆಲಸದ ವಿಷಯಕ್ಕೆ ಬಂದಿರುತ್ತಾರೆ. ಪದಗಳು ಬೇರೆಯಾದರೂ ಕಟ್ಟುವ ಕ್ರಮದಲ್ಲಿ ಹೋಲಿಕೆ ಇದೆ. 'ನಾನು ಅವನಿಗೆ ಪುಸ್ತಕ ಕೊಟ್ಟೆ' ಅನ್ನಬೇಕು ಅಂದುಕೊಳ್ಳಿ. ಮೊದಲು ಬಲಗಡೆ ಗಾಳಿಯಲ್ಲಿ ಒಂದು ಜಾಗ ತೋರಿಸಿ 'ಅವನು ಇಲ್ಲಿದ್ದಾನೆ' ಅಂತ ಇಟ್ಟುಬಿಡುತ್ತಾರೆ. ಆಮೇಲೆ 'ಕೊಡು' ಅನ್ನುವ ಸನ್ನೆ ನನ್ನ ಎದೆಯಿಂದ ಹೊರಟು ಆ ಜಾಗದ ಕಡೆ ಹೋಗುತ್ತದೆ. 'ಅವನು ನನಗೆ ಕೊಟ್ಟ' ಅನ್ನಲು ಅದೇ ಸನ್ನೆ ಅಲ್ಲಿಂದ ಇಲ್ಲಿಗೆ ಬರುತ್ತದೆ. ನಾವು 'ಗೆ', 'ಇಂದ' ಅಂತ ಪ್ರತ್ಯಯ ಹಚ್ಚಿ ಮಾಡುವ ಕೆಲಸವನ್ನು ಕೈ ಸಾಗುವ ದಿಕ್ಕೇ ಮಾಡುತ್ತದೆ. ಒಂದಕ್ಕೊಂದು ನಂಟೇ ಇಲ್ಲದ ಎಷ್ಟೋ ಸನ್ನೆ ಭಾಷೆಗಳಲ್ಲಿ ಈ ಉಪಾಯ ಇದೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು ಅನ್ನಿಸುತ್ತದೆ. ಕಿವುಡರು ಹುಟ್ಟಿದಾಗಿನಿಂದ ಮಾಡುತ್ತಿರುವುದೇ ಈ ಕೆಲಸ. ತಮ್ಮ ಭಾಷೆ ಬಾರದ ನಮಗೆ, ಅಂದರೆ ಅಂಗಡಿಯವರಿಗೆ, ಕಂಡಕ್ಟರಿಗೆ, ಸ್ವಂತ ಅಜ್ಜಿಗೆ, ದಿನಾ ವಿಷಯ ತಿಳಿಸಬೇಕು. ಒಂದು ದಾರಿ ಹಿಡಿಯದಿದ್ದರೆ ಇನ್ನೊಂದು. ತೋರಿಸು, ಅಭಿನಯಿಸು, ಗಾಳಿಯಲ್ಲಿ ಬರೆ, ಎದುರಿನವರ ಮುಖ ನೋಡಿ ಅರ್ಥವಾಯಿತೋ ಇಲ್ಲವೋ ಅಂತ ಲೆಕ್ಕ ಹಾಕು. ಪರದೇಶದ ಕಿವುಡ ಸಿಕ್ಕಾಗ ಎರಡೂ ಕಡೆ ಈ ಪಳಗಿದ ಕೈ ಇರುತ್ತದೆ. ನಾವು ದೂರದಿಂದ ನೋಡಿ ಆ ಜಾಣತನವನ್ನೇ 'ಒಂದೇ ಭಾಷೆ' ಅಂದುಬಿಡುತ್ತೇವೆ. ಆ ಜಾಣತನಕ್ಕೆ ಮಿತಿಯೂ ಇದೆ. ನಿಮ್ಮ ಊರು ಯಾವುದು, ಮಕ್ಕಳೆಷ್ಟು ಅನ್ನುವುದು ಸಲೀಸು. ಬ್ಯಾಂಕ್ ಸಾಲದ ಬಡ್ಡಿ ಲೆಕ್ಕಕ್ಕೋ ಕೋರ್ಟ್ ಕೇಸಿಗೋ ಬಂದರೆ ಅಲ್ಲೇ ತಡೆ.

ಹಾಗಿದ್ದರೆ ಎಲ್ಲರಿಗೂ ಒಂದು ಸನ್ನೆ ಭಾಷೆ ಮಾಡಬಾರದೇ ಅಂತ ಕೇಳುವವರಿದ್ದಾರೆ. ಮಾಡಿ ನೋಡಿದ್ದಾರೆ. 1951ರ ಸೆಪ್ಟೆಂಬರ್ 23ರಂದು ರೋಮ್‌ನಲ್ಲಿ ಹುಟ್ಟಿದ ವಿಶ್ವ ಕಿವುಡರ ಒಕ್ಕೂಟ ಸಮಿತಿ ಮಾಡಿ, ಸುಮಾರು 1,500 ಸನ್ನೆಗಳನ್ನು ಆರಿಸಿತು. 1975ರಲ್ಲಿ 'ಜೆಸ್ಟೂನೊ' ಅಂತ ಪುಸ್ತಕ ಬಂತು. ಮರುವರ್ಷ ಬಲ್ಗೇರಿಯಾದ ಸಭೆಯಲ್ಲಿ ಅದನ್ನು ಬಳಸಿದಾಗ ಸೇರಿದ್ದ ಕಿವುಡರಿಗೆ ಅರ್ಥವಾಗಲಿಲ್ಲ. ಪದಗಳ ಪಟ್ಟಿ ಇತ್ತು, ವ್ಯಾಕರಣ ಇರಲಿಲ್ಲ. ನಿಘಂಟು ಬಾಯಿಪಾಠ ಮಾಡಿದರೆ ಮಾತು ಬರುತ್ತದೆಯೇ? ಪುಸ್ತಕ ಮೂಲೆಗೆ ಬಿತ್ತು. ಆದರೆ ಒಕ್ಕೂಟದ ಸಭೆಗಳಲ್ಲಿ, 1924ರಿಂದ ನಡೆಯುತ್ತಾ ಬಂದ ಕಿವುಡರ ಒಲಿಂಪಿಕ್ಸಿನಲ್ಲಿ ಪದೇಪದೇ ಸೇರುವ ಜನ ತಮ್ಮ ಪಾಡಿಗೆ ತಾವೇ ಒಂದು ಬೆರಕೆ ಸನ್ನೆ ರೂಢಿ ಮಾಡಿಕೊಂಡರು. ಅದಕ್ಕೀಗ 'ಇಂಟರ್‌ನ್ಯಾಷನಲ್ ಸೈನ್' ಎಂಬ ಹೆಸರಿದೆ. ವೇದಿಕೆಗಳಲ್ಲಿ ಅನುವಾದಕರೂ ಇರುತ್ತಾರೆ. ಯುರೋಪು, ಅಮೆರಿಕದ ಸನ್ನೆಗಳ ಪಾಲು ಅದರಲ್ಲಿ ಜಾಸ್ತಿ. ಹಾಗಾಗಿ ನಾಲ್ಕು ದೇಶ ಸುತ್ತಿದವರಿಗೆ ಸಲೀಸು. ಮೊದಲ ಸಲ ವಿಮಾನ ಹತ್ತಿದ ರಾಯಚೂರಿನ ಹುಡುಗನಿಗೆ ಮೊದಲ ದಿನ ಎಲ್ಲ ಮಸುಕು.

ಊಟ ಮುಗಿಸಿ ಕೈ ತೊಳೆಯುವಾಗ ಹಿರಿಯರಿಗೆ ಇದರಲ್ಲಿ ಅರ್ಧದಷ್ಟು ಹೇಳಿದೆ. ವಾಲಗದ ಸದ್ದಿನಲ್ಲಿ ಎಷ್ಟು ಕೇಳಿಸಿತೋ. "ಅದೆಲ್ಲ ಇರ್ಲಿ, ಅಷ್ಟೊತ್ತು ಏನ್ ಮಾತಾಡಿದ್ರಂತೆ?" ಅಂದರು. ನಮ್ಮ ಕಡೆಯ ಹುಡುಗನನ್ನೇ ಕೇಳೋಣ ಅಂತ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದೆ. ಅವನು ನಕ್ಕು, ಅದೇ ಫೋನಿನಲ್ಲಿ ಉತ್ತರ ಬರೆದ: ಎದುರು ಸಾಲಿಗೆ ಎರಡೆರಡು ಹೋಳಿಗೆ ಹಾಕಿದ್ದಾರೆ, ನಮಗೆ ಒಂದೇ.